ಮೂಕಾಂಬಕ್ಕನ ಮೂಗು, ಮೀನಿನ ಕಿವಿ

ಮನುಷ್ಯರ ಆಕೃತಿ ಬರೆಯುವುದು ಏನೂ ಕಷ್ಟದ ಕೆಲಸವಲ್ಲ. ತಲೆಯ ಅಳತೆ ಸರಿಯಾಗಿ ಹಿಡಿದರೆ ಉಳಿದ ದೇಹ ತಾನಾಗಿ ಬರುತ್ತದೆ. ಹೀಗೆಂದು ನನಗೆ ಅಂಚೆಯಲ್ಲಿ ಬರುತ್ತಿದ್ದ ಚಿತ್ರಕಲೆಯ ಪಾಠದಲ್ಲಿ ಅಚ್ಚಾಗಿತ್ತು. ಅಚ್ಚಾದದ್ದನ್ನೆಲ್ಲ ನಂಬುವ ವಯಸ್ಸು ನನ್ನದು. ಒಬ್ಬ ಆಳು ಅವನದೇ ತಲೆಯ ಏಳೂವರೆ ಪಟ್ಟು ಎತ್ತರ ಇರಬೇಕಂತೆ. ಸಾಸ್ತಾನದ ನಮ್ಮ ಮನೆಯಲ್ಲಿ ಸುಲಭಕ್ಕೆ ಸಿಗುವ ಆಳೆಂದರೆ ನನ್ನ ಯಜಮಾನರು. ಬೈಂದೂರಿನ ಬ್ಯಾಂಕೊಂದರಲ್ಲಿ ಕೆಲಸ, ಭಾನುವಾರ ಮಾತ್ರ ಬಿಡುವು. ಅವರ ಕೈಗೆ ಕೊಡೆ ಕೊಟ್ಟು ಜಗಲಿಯಲ್ಲಿ ನಿಲ್ಲಿಸಿ, ಪೆನ್ಸಿಲನ್ನು ಕಣ್ಣಿನೆದುರು ಹಿಡಿದು ಅಳೆದೆ. ಆರೂವರೆಯೇ ಬಂತು.

"ಒಂದ್ ತಲಿ ಕಮ್ಮಿ ಬತ್ತ್ ಮಾರಾಯ್ರೆ" ಎಂದೆ.

"ಮದ್ವಿ ಆದಲ್ಲಿಂದ ನೀನ್ ತಿಂದದ್ದ್ ಅದೇ ಆಯ್ಕ್" ಎಂದು ಅವರು ಕೊಡೆ ಮಡಚಿ ಒಳಗೆ ಹೋದರು. ಅಲ್ಲಿಗೆ ಅವರ ರೂಪದರ್ಶಿ ಉದ್ಯೋಗ ಮುಗಿಯಿತು.

ಆಮೇಲೆ ನನ್ನ ಕೈಹಿಡಿದವಳು ಮೂಕಾಂಬಕ್ಕ. ಕಡಲ ಬದಿಯ ಕೋಡಿಯಿಂದ ದಿನಾ ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಬರುತ್ತಿದ್ದಳು. ಬುಟ್ಟಿ ಇಳಿಸುವಾಗ ಅವಳ ಬಲ ಮೊಣಕಾಲು ಮೊದಲು ಬಾಗುತ್ತಿತ್ತು, ಎಡಗೈ ಸೊಂಟಕ್ಕೆ ಹೋಗುತ್ತಿತ್ತು, ತಲೆಯ ಮೇಲಿನ ಬಟ್ಟೆಯ ಸಿಂಬಿ ಮಾತ್ರ ಅಲುಗುತ್ತಿರಲಿಲ್ಲ. ಪಾಠದ ಪುಸ್ತಕದ ಕಲ್ಲಿನ ವಿಗ್ರಹಗಳೆಲ್ಲ ಅವಳೆದುರು ಸೊಂಟ ಉಳುಕಿದವರ ಹಾಗೆ ಕಂಡವು. ಇನ್ನು ಅವಳ ಮೂಗು. ಉದ್ದಕ್ಕೆ ಬಂದು, ತುದಿಯಲ್ಲಿ ಒಂದು ಕ್ಷಣ ಯೋಚಿಸಿ, ಕೆಳಗೆ ಬಾಗಿದ ಮೂಗು. ಚಿತ್ರ ಬರೆಯುವವರಿಗೆ ಅಂಥ ಮೂಗು ಸಿಗುವುದು ಪೂರ್ವಜನ್ಮದ ಪುಣ್ಯ.

"ಎಂತ ಗೀಚ್ತ್ರಿ ಅಮ್ಮ?" ಎಂದು ಒಂದು ದಿನ ಕೇಳಿದಳು.

"ನಿನ್ನನ್ನೇ ಮೂಕಾಂಬಕ್ಕ."

"ನನ್ನನ್ನಾ? ಮೊದ್ಲೇ ಹೇಳುಕಾಗ್ದಾ? ಒಳ್ಳೆ ಸೀರಿ ಉಡ್ಕಂಡ್ ಬತ್ತಿದ್ದೆ."

ಹಾಗೆ ಹೇಳಿದವಳು ಮಾರನೆಯ ದಿನದಿಂದ ನನಗಾಗಿ ಬುಟ್ಟಿಯನ್ನು ಎರಡೆರಡು ಸಲ ಇಳಿಸಿದಳು.

ಇಲ್ಲಿ ಒಂದು ಮಾತು ಹೇಳಬೇಕು. ಮೀನು ತಾಜಾ ಹೌದೋ ಅಲ್ಲವೋ ತಿಳಿಯಬೇಕಾದರೆ ಅದರ ಕಿವಿ, ಅಂದರೆ ಕಿವಿರಿನ ಮುಚ್ಚಳ, ಎತ್ತಿ ಒಳಗೆ ಕೆಂಪಿದೆಯೇ ನೋಡಬೇಕು. ಆದರೆ ವರ್ಷಗಟ್ಟಲೆ ಮನೆಗೆ ಬರುವವಳೆದುರು ಕಿವಿ ಎತ್ತುವುದೆಂದರೆ ಅವಳ ಮುಖಕ್ಕೆ ಹೊಡೆದ ಹಾಗೆ. ನಾನು ಒಮ್ಮೆಯೂ ಎತ್ತಿದವಳಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಸಂಶಯದ ಮೀನನ್ನು ಅವಳೇ ಬದಿಗೆ ಸರಿಸಿ, "ಇದ್ ನಿಮ್ಗ್ ಬ್ಯಾಡ" ಎನ್ನುತ್ತಿದ್ದಳು.

ಅಷ್ಟರಲ್ಲಿ ಒಂದು ವಾರಪತ್ರಿಕೆಯವರು ನಾನು ಕಳಿಸಿದ ಗೀಚು ನೋಡಿ, ಪ್ರತಿ ವಾರ ನಾಲ್ಕು ಚೌಕದ ಒಂದು ನಗೆಚಿತ್ರ ಕೊಡಿ ಎಂದರು. ನಾನು 'ರೇಖಾ' ಎಂಬ ಹೆಸರಿಟ್ಟುಕೊಂಡು 'ಬಂಗ್ಡಿ ಭಾಗಕ್ಕ' ಎಂಬ ಬಂಗಡೆ ಮೀನು ಮಾರುವವಳನ್ನು ಹುಟ್ಟಿಸಿದೆ. ಸಿಂಬಿ, ಸೊಂಟದ ಕೈ, ಮೂಗು, ಎಲ್ಲ ಮೂಕಾಂಬಕ್ಕನದೇ. ಮೂಗನ್ನು ಮಾತ್ರ ಕಲೆಯ ದೃಷ್ಟಿಯಿಂದ ಎರಡು ಪಟ್ಟು ಮಾಡಿದೆ. ಆದರೆ ನಗೆಚಿತ್ರಕ್ಕೆ ಬರೀ ಮೂಗು ಸಾಲುವುದಿಲ್ಲವಲ್ಲ, ಒಂದು ಮಾತು ಬೇಕು. ಅದೂ ಹೊಳೆಯಿತು. ಗಿರಾಕಿ ಪ್ರತಿ ವಾರ, "ಇವತ್ತಿನ ಮೀನಾ?" ಎಂದು ಕೇಳುವುದು. ಭಾಗಕ್ಕ ಹೇಳುವುದು: "ಹೌದಮ್ಮ. ನಿನ್ನೆ ಕೇಂಬತಿಗೂ ಇದ್ ಇವತ್ತಿಂದೇ ಆಗಿತ್ತ್."

ನಿನ್ನೆ ಕೇಳಿದಾಗಲೂ ಇವತ್ತಿನದೇ ಆಗಿದ್ದ ಮೀನಿಗೆ ಜನ ನಕ್ಕರು. ಅದೇ ಕಷ್ಟವಾಯಿತು.

"ಬೈಂದೂರ್ ಬಸ್ಸಂಗೂ ನಿನ್ ಭಾಗಕ್ಕನ್ ಮಾತೇ" ಎಂದು ಯಜಮಾನರು ಚೀಲ ಇಳಿಸುವ ಮೊದಲೇ ಹೇಳುತ್ತಿದ್ದರು. ನಾನು ಒಳಗೊಳಗೇ ಉಬ್ಬಿ, ಮುಂದಿನ ವಾರಕ್ಕೆ ಮೂಗನ್ನು ಇನ್ನೊಂದಿಷ್ಟು ಉದ್ದ ಮಾಡುತ್ತಿದ್ದೆ.

ಒಂದು ಬೆಳಿಗ್ಗೆ ಮೂಕಾಂಬಕ್ಕ ಬುಟ್ಟಿ ಇಳಿಸಿದವಳು ಮೀನು ತೆಗೆಯದೆ ಮೆಟ್ಟಿಲ ಮೇಲೆ ಕುಳಿತಳು.

"ಎಂತ ಆಯ್ತ್?"

"ಮೂರ್ ಮನ್ಯಂಗೆ ಕಿವಿ ಎತ್ತಿ ಕಂಡ್ರ್ ಅಮ್ಮ. ಕಂಡ್ಕಂಡ್ ನೆಗಾಡ್ತ್ರ್. ನಿನ್ನೆದಾ ಇವತ್ತಿಂದಾ ಅಂದೇಳಿ ಕೇಂತ್ರ್. ನಾನ್ ಎಂತ ಮಾಡಿದ್ದೆ?"

ಆಗಲೇ ಹೇಳಬಹುದಿತ್ತು. ನಾನು, "ಜನ್ರಿಗ್ ಬೇರೆ ಕೆಲ್ಸ ಇಲ್ಲೆ ಮೂಕಾಂಬಕ್ಕ" ಎಂದೆ. ಆ ಜನರಲ್ಲಿ ಮೊದಲನೆಯವಳು ನಾನೇ ಎಂಬುದನ್ನು ಸೇರಿಸಲಿಲ್ಲ.

ಎಂಟು ದಿನ ಕಳೆದು ಅವಳು ಒಂದು ಕಾಗದ ಹಿಡಿದುಕೊಂಡು ಬಂದಳು. ಅಂಗಡಿಯವರು ಬೆಲ್ಲ ಕಟ್ಟಿಕೊಟ್ಟ ಹಳೆಯ ವಾರಪತ್ರಿಕೆಯ ಹಾಳೆ. ನಡುವೆ ಭಾಗಕ್ಕ, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಇದ್ ನನ್ ಹಾಂಗೇ ಇತ್ತಲ್ದಾ? ಮೂಗ್ ಕಾಣಿ. ನಂಗ್ ಓದುಕೆ ಬತ್ತಿಲ್ಲೆ. ಎಂತ ಬರ್ದಿರ್, ನೀವ್ ಓದಿ ಕಾಂಬ."

ನಾಲ್ಕು ಚೌಕದಲ್ಲಿ ನಾನೇ ಬರೆದ ಮಾತು, ನನ್ನದೇ ಅಕ್ಷರ. ಅದನ್ನು ಬಿಟ್ಟು ಬೇರೆಯೇ ಓದಿದೆ.

"ಈ ಅಕ್ಕನ್ ಮೀನ್ ಯಾವತ್ತೂ ತಾಜಾ ಅಂದೇಳಿ ಬರ್ದಿರ್" ಎಂದೆ.

ಅವಳ ಮುಖ ಅರಳಿತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಸಂಚಿಯೊಳಗೆ ಇಟ್ಟಳು. ಮರುದಿನದಿಂದ ಯಾರಾದರೂ ಮೀನಿನ ಕಿವಿಗೆ ಕೈಹಾಕಿದರೆ ಸಾಕು, ಸಂಚಿಯಿಂದ ಕಾಗದ ತೆಗೆದು, "ಹ್ವಾಯ್, ಕಾಣಿ, ಪೇಪರಂಗೇ ಬಂದಿತ್ತ್" ಎಂದು ಬಿಡಿಸಿ ತೋರಿಸತೊಡಗಿದಳು. ಓದು ಬಂದವರು ಓದಿದರು, ಬಾಗಿಲ ದಾರಂದ ಹಿಡಿದುಕೊಂಡು ನಕ್ಕರು. ತನ್ನ ಮೀನಿಗೆ ಮರ್ಯಾದೆ ಬಂತೆಂದು ಅವಳೂ ಅವರ ಜೊತೆ ನಕ್ಕಳು.

ಸಂಗತಿ ಕೇಳಿ ಯಜಮಾನರು ಊಟದ ಬಟ್ಟಲಿನಿಂದ ಕೈ ಎತ್ತಿದರು. "ಚಿತ್ರ ಬಿಡ್ಸುದ್ರಕಿಂತ ಓದುದ್ರಂಗೇ ನಿನ್ ಕಲ್ಪನೆ ಜೋರಿತ್ತ್. ನಾಳೆ ಅವ್ಳ್ ಬಪ್ಪತಿಗೆ ತಪ್ಪಾಯ್ತ್ ಅಂದೇಳಿ ಹೇಳ್."

"ಬಾಯಂಗೆ ಹ್ಯಾಂಗ್ ಹೇಳುದ್? ಬಣ್ಣದಂಗೆ ಹೇಳ್ತೆ" ಎಂದೆ.

ಹೌದು, ಹಾಗೇ ಎಂದೆ. ಕಲಾವಿದೆಯಾಗಿದ್ದೆನಲ್ಲ.

ಭಾಗಕ್ಕನನ್ನು ನಿಲ್ಲಿಸಿದೆ. ಪತ್ರಿಕೆಯವರಿಗೆ ಕೈನೋವು ಎಂದು ಬರೆದೆ. ಆಮೇಲೆ ನಾಲ್ಕು ತಿಂಗಳು ಕುಳಿತು ಮೂಕಾಂಬಕ್ಕನ ತೈಲಚಿತ್ರ ಬರೆದೆ. ಎಣ್ಣೆ ಬಣ್ಣದ ವಾಸನೆಗೆ ಮೀನು ಹುರಿದದ್ದೂ ಬಾಗಿಲಿಗೆ ಬಳಿದ ಪೇಂಟಿನ ರುಚಿ ಬರುತ್ತದೆಂದು ಮನೆಯಲ್ಲಿ ದೂರು ಬಂತು. ನಾನು ಅಲುಗಲಿಲ್ಲ. ಮೂಗನ್ನು ಇದ್ದಷ್ಟೇ ಬರೆದೆ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಕುಂದಾಪುರದಲ್ಲಿ ಒಂದು ಸಂಘದವರು ಚಿತ್ರಪ್ರದರ್ಶನ ಮಾಡುವವರಿದ್ದರು. ಚಿತ್ರವನ್ನು ಅಲ್ಲಿ ತೂಗುಹಾಕಿ, ಕೆಳಗೆ 'ಶ್ರಮಜೀವಿ' ಎಂದು ಚೀಟಿ ಅಂಟಿಸಿ, ಮೂಕಾಂಬಕ್ಕನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅವಳು ಕೊಲ್ಲೂರಿಗೆ ಹೋದಾಗ ತಂದ ಹಸಿರು ಸೀರೆ ಉಟ್ಟಿದ್ದಳು.

ಚಿತ್ರದೆದುರು ಅವಳು ತುಂಬ ಹೊತ್ತು ನಿಂತಳು. "ಇದ್ ನಾನಾ? ನನ್ ಅಬ್ಬಿ ಕಂಡಂಗಾಯ್ತ್" ಎಂದಳು. ತಾಯಿಯನ್ನು ನೆನೆದು ಸೀರೆಯ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಒಂದು ನಿಮಿಷ, ಬರೀ ಒಂದು ನಿಮಿಷ, ನಾನು ನಿಜವಾಗಿ ಚಿತ್ರ ಬರೆಯುವವಳಾಗಿದ್ದೆ.

ಅಷ್ಟರಲ್ಲಿ ಹಿಂದಿನಿಂದ ಕನ್ನಡಕದ ಹಿರಿಯರೊಬ್ಬರು ಬಂದರು. ನಿವೃತ್ತ ಮೇಷ್ಟ್ರಂತೆ. ಚಿತ್ರ ನೋಡಿದರು, ಅವಳನ್ನು ನೋಡಿದರು, ಆಮೇಲೆ 'ಕಲಾವಿದೆ' ಎಂಬ ಬಿಲ್ಲೆ ಸಿಕ್ಕಿಸಿಕೊಂಡಿದ್ದ ನನ್ನನ್ನು.

"ಅರೆ, ಇದು ನಮ್ಮ ಬಂಗ್ಡಿ ಭಾಗಕ್ಕ ಅಲ್ವಾ? ಮೂಗು ಅದೇ! ಹಾಗಾದ್ರೆ ಆ ರೇಖಾ ಅಂದ್ರೆ ನೀವೇಯಾ?"

ಮೂಕಾಂಬಕ್ಕ ಖುಷಿಯಿಂದ ಸಂಚಿ ಬಿಚ್ಚಿ ಕಾಗದ ಅವರ ಕೈಗೆ ಕೊಟ್ಟಳು. "ಇದೇ ಅಲ್ದಾ? ಓದಿ ಕಾಂಬ."

ಮೇಷ್ಟ್ರು ಓದಿದರು. ತರಗತಿಯಲ್ಲಿ ಪಾಠ ಓದುವ ಹಾಗೆ, ನಿಧಾನವಾಗಿ, ಕೊನೆಯ ಬೆಂಚಿಗೂ ಕೇಳುವಂತೆ. ನಿನ್ನೆ ಕೇಂಬತಿಗೂ ಇದ್ ಇವತ್ತಿಂದೇ ಆಗಿತ್ತ್.

"ತಾಜಾ ಅಂದೇಳಿ ಎಲ್ಲ್ ಬರ್ದಿತ್ತ್?" ಎಂದು ಅವಳು ಕೇಳಿದಳು.

ಅವರು ಪಾಪ, ಹಾಳೆಯ ಹಿಂಬದಿಯನ್ನೂ ತಿರುಗಿಸಿ ಹುಡುಕಿದರು. "ಇಲ್ಲಲ್ಲ. ಇಲ್ಲಿ ಬೆಲ್ಲದ ಕಲೆ ಇದೆ, ಅಷ್ಟೇ."

"ಹಾಂಗಾ" ಎಂದಳು ಮೂಕಾಂಬಕ್ಕ. ಕಾಗದವನ್ನು ತೆಗೆದುಕೊಂಡು ನನ್ನ ಕೈಯಲ್ಲಿಟ್ಟಳು. ಅದು ಎಲೆಯಡಿಕೆಯ ವಾಸನೆ ಹೊಡೆಯುತ್ತಿತ್ತು.

ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಬೇರೆಯೇ ಕುಳಿತಳು. ಸಾಸ್ತಾನದಲ್ಲಿ ಇಳಿದ ಮೇಲೆ ನನ್ನ ಕಡೆ ತಿರುಗಿದಳು.

"ಮೂಗ್ ದೊಡ್ಡ್ ಮಾಡಿದ್ದಕ್ಕೆ ಬೇಜಾರಿಲ್ಲೆ ಅಮ್ಮ. ಅದ್ ಇಪ್ಪುದೇ ದೊಡ್ಡ್. ನಿನ್ನೆ ಮೀನ್ ನಾನ್ ನಿಮ್ಗ್ ಯಾವತ್ತ್ ಕೊಟ್ಟಿದ್ದೆ?"

ತಪ್ಪಾಯ್ತು ಎಂದೆ. ಬಾಯಲ್ಲೇ ಎಂದೆ. ಅಷ್ಟು ಹೊತ್ತಿಗೆ ಅವಳು ರಸ್ತೆ ದಾಟಿದ್ದಳು. ತೈಲಚಿತ್ರವನ್ನು ಅವಳ ಮನೆಗೆ ಕಳಿಸಿದರೆ, ಗೋಡೆಯಲ್ಲಿ ಜಾಗ ಇಲ್ಲ ಎಂಬ ಮಾತಿನ ಜೊತೆ ವಾಪಸು ಬಂತು. ಈಗ ಅದು ನಮ್ಮ ಕಪಾಟಿನ ಹಿಂದೆ, ಗೋಡೆಗೆ ಮುಖ ಮಾಡಿ ನಿಂತಿದೆ.

ಅವಳು ನಮ್ಮ ಮನೆಗೆ ಬರುವುದನ್ನು ಬಿಡುತ್ತಾಳೆಂದು ಹೆದರಿದ್ದೆ. ಬಿಡಲಿಲ್ಲ. ಮರುದಿನ ಬೆಳಿಗ್ಗೆಯೇ ಬಂದಳು. ಬಲ ಮೊಣಕಾಲು ಬಾಗಿಸಿ ಬುಟ್ಟಿ ಇಳಿಸಿದಳು. ಒಂದೊಂದೇ ಬಂಗಡೆ ತೆಗೆದು, ಕಿವಿ ಎತ್ತಿ ನನ್ನ ಕಣ್ಣಿನ ಹತ್ತಿರ ಹಿಡಿದಳು. "ಕಾಣಿ ಅಮ್ಮ. ಕೆಂಪ್ ಇತ್ತಲ್ದಾ?" ಬುಟ್ಟಿಯಲ್ಲಿದ್ದಷ್ಟನ್ನೂ ತೋರಿಸಿದಳು. ಅದಕ್ಕಿಂತ ಬಯ್ದಿದ್ದರೆ ಚೆನ್ನಾಗಿತ್ತು.

ಇದಾಗಿ ಎಷ್ಟೋ ವರ್ಷವಾಯಿತು. ಹೆದ್ದಾರಿ ಅಗಲವಾಗಿ ಟೋಲ್ ಗೇಟ್ ಬಂತು, ಅವಳಿಗೂ ಮೊಣಕಾಲು ನೋವು ಬಂತು. ಈಗ ಮನೆಮನೆ ತಿರುಗದೆ ಪೇಟೆಯಲ್ಲೇ ಕುಳಿತು ಮಾರುತ್ತಾಳೆ. ನಾನೂ ಚೀಲ ಹಿಡಿದು ಅಲ್ಲಿಗೇ ಹೋಗಿ ಸಾಲಿನಲ್ಲಿ ನಿಲ್ಲುತ್ತೇನೆ. ನನ್ನ ಮುಂದಿನವರ ಜೊತೆ ಮಾತಾಡುತ್ತ, ನೆಗಾಡುತ್ತ, ಹಾಗೇ ಕಟ್ಟಿ ಕೊಡುತ್ತಾಳೆ. ನನ್ನ ಸರದಿ ಬಂದಾಗ ಮಾತು ನಿಲ್ಲುತ್ತದೆ, ಮೀನಿನ ಕಿವಿ ಏಳುತ್ತದೆ.

ಮನೆಗೆ ಬಂದರೆ ಯಜಮಾನರು ಪೇಪರಿನಿಂದ ತಲೆ ಎತ್ತದೆ ಕೇಳುತ್ತಾರೆ, "ಇವತ್ತಿನ ಮೀನಾ?"

"ಹೌದು. ಕಿವಿ ಎತ್ತಿ ಕಂಡೇ ತಂದದ್ದ್" ಎನ್ನುತ್ತೇನೆ. ಇಡೀ ಸಾಸ್ತಾನದಲ್ಲಿ ಅಷ್ಟು ಪರೀಕ್ಷೆಯಾದ ಮೀನು ತಿನ್ನುವ ಮನೆ ನಮ್ಮದೊಂದೇ.