ಮಾಲಿಯ ಪಕ್ಷಪಾತ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಗೇಣುದ್ದವೂ ಇಲ್ಲದ ಒಂದು ಸೂರ್ಯಕಾಂತಿ ಸಸಿ.

ಕಾಲೇಜಿನ ಹಿತ್ತಲಿನ ಗಾಜಿನ ಮನೆಯಲ್ಲಿ ಸಸ್ಯಶಾಸ್ತ್ರದ ಮೇಡಂ ಮೂರು ಸಾಲು ಕುಂಡಗಳನ್ನು ಇಟ್ಟಿದ್ದರು. ಮೊದಲ ಸಾಲಿನಲ್ಲಿ ಕುಂಡಕ್ಕೊಂದೇ ಸೂರ್ಯಕಾಂತಿ. ಎರಡನೆಯದರಲ್ಲಿ ಆರಾರು. ಮೂರನೆಯದರಲ್ಲಿ ಮೂರು ಸೂರ್ಯಕಾಂತಿ, ಮೂರು ಸಾಸಿವೆ. ತನ್ನವರೊಡನೆ ಪೈಪೋಟಿಗೆ ಬಿದ್ದ ಸಸಿ ಎಷ್ಟು ಬೆಳೆಯುತ್ತದೆ, ಬೇರೆಯವರೊಡನೆ ಬಿದ್ದದ್ದು ಎಷ್ಟು ಬೆಳೆಯುತ್ತದೆ ಎಂದು ಅಳೆಯುವುದು ಅವರ ಸಂಶೋಧನೆ.

"ಮಾಲಿಯಣ್ಣ, ಸಂಜೆ ಬರ್ತೀನಿ. ಎಲ್ಲಾ ಕುಂಡಕ್ಕೂ ಒಂದೊಂದೇ ಲೋಟ ನೀರು. ಬೇರೇನೂ ಮುಟ್ಟಬೇಡಿ" ಎಂದು ಹೇಳಿ ಮೇಡಂ ಮೀಟಿಂಗಿಗೆ ಹೋದರು.

ಒಂಟಿ ಸಸಿಗೂ ಒಂದು ಲೋಟ, ಆರಕ್ಕೂ ಒಂದೇ ಲೋಟ! ಮಾಲಿಯ ಕರುಳು ಚುರುಕ್ಕೆಂದಿತು. ಅವನು ಆರು ಮಕ್ಕಳಲ್ಲಿ ಕೊನೆಯವನು. ಆರೂ ಜನಕ್ಕೆ ಒಂದೇ ಕಂಬಳಿ. ಅವನ ಪಾಲಿಗೆ ಅದರ ಅಂಚೂ ದಕ್ಕುತ್ತಿರಲಿಲ್ಲ. ಎರಡನೆಯ ಸಾಲಿನ ಕುಂಡವೊಂದರಲ್ಲಿ ಅಣ್ಣಂದಿರ ಕಂಕುಳಲ್ಲಿ ಸಿಕ್ಕಿಕೊಂಡವನಂತೆ ಬಾಗಿ ನಿಂತಿದ್ದ ಆ ಕುಳ್ಳ ಸಸಿಯನ್ನು ಕಂಡು, "ನೀನೊಬ್ಬ ಹೊರಗೆ ಬಾರಪ್ಪಾ" ಎಂದು ಮೆಲ್ಲಗೆ ಎತ್ತಿದ. ಬೇರು ಹೆಣೆದುಕೊಂಡಿತ್ತು. ಒಂದರ ಜೊತೆ ಮೂರು ಬಂದವು.

ಅಷ್ಟರಲ್ಲಿ ಗ್ರಂಥಾಲಯದ ಅಕ್ಕ ಬಾಗಿಲಲ್ಲಿ ಇಣುಕಿದರು. "ಅಯ್ಯೋ, ಆ ಮೂಲೇದೇನು ಪಾಪ ಮಾಡಿತ್ತು? ಸಾಸಿವೆ ಅದರ ಕತ್ತೇ ಹಿಸುಕ್ತಿದೆಯಲ್ರೀ!"

ಮಾಲಿ ಅದನ್ನೂ ಎತ್ತಿದ. ಒಂದಕ್ಕೆ ಕರುಣೆ ತೋರಿಸಿ ಇನ್ನೊಂದಕ್ಕೆ ಬೆನ್ನು ತಿರುಗಿಸುವುದು ಹೇಗೆ?

ಮಧ್ಯಾಹ್ನ ಆಫೀಸಿನ ಟೈಪಿಸ್ಟ್ ಬಂದ. "ಮೇಡಂ ಎಣಿಸ್ತಾರೆ ಕಣ್ರೀ! ಕುಂಡಕ್ಕೆ ಆರು ಇರ್ಲೇಬೇಕು" ಎಂದು ತಾನೇ ಅಂಗಿಯ ತೋಳು ಮಡಿಸಿ ನಿಂತ. ಅವನಿಗೆ ಸಾಸಿವೆ, ಸೂರ್ಯಕಾಂತಿ ಎರಡೂ ಬರೀ ಹಸಿರು. ಕೈಗೆ ಸಿಕ್ಕಿದ್ದನ್ನೆಲ್ಲ ಸಿಕ್ಕ ಕುಂಡಕ್ಕೆ ತುರುಕಿದ. ತಡೆಯಲು ಹೋದ ಮಾಲಿಯ ಕಾಲು ಬಕೆಟ್ಟಿಗೆ ತಾಗಿ ನೀರು ಚೆಲ್ಲಿತು. ಕುಂಡಗಳ ನಂಬರಿನ ಚೀಟಿಗಳೆಲ್ಲ ತೇಲಿಹೋದವು. ನಾಲ್ಕು ಗಂಟೆಯ ಹೊತ್ತಿಗೆ ಒಂದು ಕುಂಡದಲ್ಲಿ ಒಂಬತ್ತು ಸಸಿ, ಇನ್ನೊಂದರಲ್ಲಿ ಬರೀ ಮಣ್ಣು. ಅಕ್ಕನಿಗೂ ಟೈಪಿಸ್ಟನಿಗೂ ಒಮ್ಮೆಲೇ ತುರ್ತು ಕೆಲಸ ನೆನಪಾಯಿತು.

ಮೇಡಂ ಬಂದರು. ಮಾಲಿ ಎರಡು ಕೈ ಚಾಚಿ ಕುಂಡಗಳಿಗೆ ಅಡ್ಡ ನಿಂತ. ಮುಖ ಬೂದಿ ಬಳಿದಂತಾಗಿತ್ತು.

ಮೇಡಂ ಅವನ ಮುಖ ನೋಡಿದವರೇ ಗಕ್ಕನೆ ನಿಂತರು. "ನಿಮಗೆ... ಗೊತ್ತಾಗಿಬಿಡ್ತಾ?"

"ಏನು ಮೇಡಂ?"

"ಯಾರಿಗೂ ಹೇಳ್ಬೇಡಿ ಮಾಲಿಯಣ್ಣ. ದಿನಾ ನೀವು ಮನೆಗೆ ಹೋದ್ಮೇಲೆ ಆ ಆರಾರು ಇರೋ ಕುಂಡಗಳಿಗೆ ನಾನು ಒಂದೊಂದು ಚಮಚ ಗೊಬ್ಬರ ಹಾಕ್ತಿದ್ದೆ. ಹಾಕಬಾರದು, ಗೊತ್ತು. ಆದ್ರೆ ಕಣ್ಣೆದುರಿಗೇ ಸೊರಗ್ತಾ ಇದ್ರೆ ಹೇಗೆ ನೋಡ್ಕೊಂಡಿರೋದು?" ಅವರ ಕಣ್ಣಲ್ಲಿ ನೀರಾಡಿತು.

ಮಾಲಿಗೆ ತಾನು ಬಚಾವಾದೆ ಅನ್ನಿಸಿತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಆ ಕಣ್ಣೀರು ನೋಡಿ ತಡೆಯಲಾಗಲಿಲ್ಲ. ಪಕ್ಕಕ್ಕೆ ಸರಿದು, ಬೆಳಗಿನಿಂದ ನಡೆದದ್ದನ್ನೆಲ್ಲ ಒಪ್ಪಿಸಿದ. ಮೇಡಂ ಮೊದಲು ತಲೆ ಮೇಲೆ ಕೈ ಹೊತ್ತರು. ಆಮೇಲೆ ಒಂಬತ್ತು ಸಸಿಯ ಕುಂಡ ನೋಡಿ ನಕ್ಕರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇವನ್ನೆಲ್ಲ ಹೊರಗೆ ತೋಟದಲ್ಲಿ ದೂರ ದೂರ ನೆಡಿ. ಸುಖವಾಗಿರ್ಲಿ" ಎಂದರು ಮೇಡಂ, ಕಣ್ಣೊರೆಸಿಕೊಳ್ಳುತ್ತಾ. "ನಾಳೆಯಿಂದ ಮತ್ತೆ ಮೊದಲಿಂದ. ನಾನೊಬ್ಬಳೇ ಒಳಗೆ ಬರಲ್ಲ, ನೀವೂ ಒಬ್ಬರೇ ಬರಬೇಡಿ. ಬೀಜ ಮಾತ್ರ ನಿಮ್ಮ ಕೈಯಿಂದಲೇ ಬೀಳ್ಬೇಕು."

ಮಾಲಿಯ ಎದೆ ಹಗುರಾಯಿತು. "ಕುಂಡಕ್ಕೆ ಎಷ್ಟು ಹಾಕ್ಲಿ ಮೇಡಂ?"

ಮೇಡಂ ಎಲ್ಲೋ ನೋಡುತ್ತಾ ಸಣ್ಣ ದನಿಯಲ್ಲಿ ಹೇಳಿದರು: "ಪೈಪೋಟಿ ಸಾಲದು ಅಂತ ಇವತ್ತಿನ ಮೀಟಿಂಗಲ್ಲಿ ಬೈದಿದಾರೆ. ಹನ್ನೆರಡು."