ಸಂಕೇತನ ರಜೆಯೂ ಪ್ಲೋಮೊ ಕ್ಲಬ್ಬಿನ ಚರಿತ್ರೆಯೂ

ರಜೆ ಕೇಳುವುದಕ್ಕೆ ಎರಡು ನಿಮಿಷ ಸಾಕು. ಆದರೆ ಸಂಕೇತ ಹುಬ್ಬಳ್ಳಿಯವನು. ನೇರವಾಗಿ ವಿಷಯಕ್ಕೆ ಬಂದರೆ ಮರ್ಯಾದೆ ಹೋದೀತೆಂದು ನಂಬಿದ ಮನೆತನ.

೨೦೦೬ರ ಏಪ್ರಿಲ್. ಮುಂದಿನ ತಿಂಗಳು ತಂಗಿ ಶಾಂಭವಿಯ ಮದುವೆ. ಅಣ್ಣ ಅಕ್ಕಿಕಾಳು ಹಾಕಲು ಬರದಿದ್ದರೆ ಮಂಟಪಕ್ಕೇ ಹೋಗುವುದಿಲ್ಲವೆಂದು ಅವಳು ಫೋನಿನಲ್ಲಿ ಹಠ ಹಿಡಿದಿದ್ದಳು. ಸಂಕೇತ ಕೆಲಸ ಮಾಡುವ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್ ಆಫೀಸಿನಲ್ಲಿ ರಜೆ ಕೊಡಬೇಕಾದವನು ಅರ್ಜೆಂಟೀನಾದ ಮ್ಯಾನೇಜರ್ ಎಸ್ತೆಬಾನ್.

ಬೆಳಿಗ್ಗೆ ಟ್ರ್ಯಾಮಿನಲ್ಲಿ ಪಕ್ಕದ ಮನೆಯ ಗುರುಶಾಂತಪ್ಪ ಅಂಕಲ್ ಕೇಳದೆಯೇ ಸಲಹೆ ಕೊಟ್ಟರು. "ಹಂಗ ಹೋಗಿ ರಜಾ ಕೇಳ್ತಾರೇನಲೇ? ಮೊದಲ ಅವನ ಊರ ಸುದ್ದಿ ತಗಿ. ಹೊಗಳು. ಮನಷ್ಯಾ ಕರಗಿದ ಮ್ಯಾಲ ಮಾತು ಹಾಕು."

ಆಫೀಸಿನಲ್ಲಿ ಪಕ್ಕದ ಸೀಟಿನ ಗಾನವಿ ನಕ್ಕಳು. "ಸುಮ್ನೆ ಹೋಗಿ ಕೇಳ್ಬಿಡೋ. ಲೀವ್ ತಾನೇ?"

ಬೆಂಗಳೂರಿನವರಿಗೆ ನಯನಾಜೂಕು ತಿಳಿಯದೆಂದು ಮರುಗಿ ಸಂಕೇತ ಇಂಟರ್ನೆಟ್ ತೆರೆದ. ಎಸ್ತೆಬಾನನ ಮೇಜಿನ ಮೇಲೆ ಪ್ಲೋಮೊ ಎಂಬ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಬಾವುಟವಿತ್ತು, ಅವನೂರಿನದೇ ಕ್ಲಬ್ಬು. ಮಧ್ಯಾಹ್ನದವರೆಗೆ ಅದರ ಚರಿತ್ರೆ ಓದಿದ. ಸ್ಪ್ಯಾನಿಷ್‌ನಿಂದ ಯಂತ್ರ ಮಾಡಿಕೊಟ್ಟ ಇಂಗ್ಲಿಷು ಕಲ್ಲು ಆರಿಸದ ಅಕ್ಕಿಯ ಅನ್ನದಂತಿತ್ತು. ಆದರೂ ನುಂಗಿದ.

ಊಟದ ನಂತರ ಎಸ್ತೆಬಾನನ ಕೋಣೆಗೆ ಹೋಗಿ ಶುರುಮಾಡಿದ. ರೈಲ್ವೆ ಕೂಲಿಗಳು ಗೋದಾಮಿನಲ್ಲಿ ಕಟ್ಟಿದ ಕ್ಲಬ್ಬು. ಅದು ವೃತ್ತಿಪರ ಲೀಗಿಗೆ ಏರಿದ್ದು, ಮರುವರ್ಷವೇ ಜಾರಿದ್ದು. ಬಿರುಗಾಳಿಗೆ ಛಾವಣಿ ಹಾರಿದಾಗ ಊರವರು ತಗಡು ಹೊತ್ತು ತಂದದ್ದು. ಎಸ್ತೆಬಾನನ ಕಣ್ಣು ತುಂಬಿತು.

"ಅದರಲ್ಲಿ ಒಂದು ತಗಡು ನಮ್ಮಜ್ಜನದು," ಎಂದ. ಮೀಟಿಂಗಿಗೆ ಕರೆಯಲು ಬಂದವರನ್ನೆಲ್ಲ ಅಲ್ಲೇ ಕೂರಿಸಿಕೊಂಡ.

ಜನ ಸೇರಿದ್ದೇ ತಡ, ಸಂಕೇತನಿಗೆ ಆವೇಶ ಬಂತು. "ಸರ್, ಇಷ್ಟು ವರ್ಷಕ್ಕೆ ಪ್ಲೋಮೊ ಫೈನಲ್ ತಲುಪಿದೆ, ಅದೂ ನಿಮ್ಮೂರಿನಲ್ಲೇ ಆಟ. ಅಜ್ಜನ ತಗಡಿನ ಕೆಳಗೆ ಮೊಮ್ಮಗನೇ ಇಲ್ಲದಿದ್ದರೆ ಆ ಕಪ್ ಗೆದ್ದೇನು ಸುಖ?"

ಎಸ್ತೆಬಾನ್ ಎದ್ದು ಬಂದು ಅಪ್ಪಿಕೊಂಡ. ಕರಗಿದನೆಂದು ಖಾತ್ರಿಯಾಯಿತು. ಸಂಕೇತ ಮೆಲ್ಲಗೆ ತಂಗಿಯ ಮದುವೆಯ ಮಾತು ಹಾಕಿದ.

"ಗೊತ್ತು, ಗಾನವಿ ಹೇಳಿದ್ದಳು. ಮದುವೆಯೂ ಫೈನಲ್ಲೂ ಒಂದೇ ವಾರ. ಇಬ್ಬರೂ ಹೋದರೆ ಆಫೀಸು ನೋಡುವವರಿಲ್ಲ. ನಿನ್ನನ್ನು ಕಳಿಸೋಣವೆಂದೇ ನಾನು ಹೋಗುವ ಆಸೆ ಬಿಟ್ಟಿದ್ದೆ," ಎಂದ ಎಸ್ತೆಬಾನ್, ಮೂಗು ಒರೆಸಿಕೊಳ್ಳುತ್ತ. "ನೀನು ಕಣ್ಣು ತೆರೆಸಿದೆ. ನಾನು ಹೋಗಲೇಬೇಕು. ನಿನ್ನಂಥ ಅಭಿಮಾನಿಗೆ ಇದನ್ನು ಬಿಡಿಸಿ ಹೇಳಬೇಕೆ?"

ಸಂಜೆ ಶಾಂಭವಿಯ ಫೋನು ಬಂತು. "ಅಣ್ಣಾ, ರಜಾ ಕೊಟ್ರೇನು?"

ಸಂಕೇತ ಗಂಟಲು ಸರಿಮಾಡಿಕೊಂಡ. "ಅದಿರ್ಲಿ ತಂಗಿ, ಊರಾಗ ಬಿಸಲು ಹೆಂಗೈತಿ?"