ಗ್ವಾಗ್ವಾಗೊಂದು ಹಳದಿ ಟೋಪಿ

ದೋನ್ ಅನ್ಸೆಲ್ಮೊ ನಲವತ್ತು ವರ್ಷ ದೋಣಿ ಕಟ್ಟಿದವನು. ಅವನು ಕಟ್ಟಿದ ಒಂದು ದೋಣಿಯೂ ಸೋರಿದ್ದಿಲ್ಲ ಎಂಬುದು ಚಿಲಿಯ ದ್ವೀಪದೂರು ಅಚಾವೊದ ಕಡಲ ದಂಡೆಗೆಲ್ಲ ಗೊತ್ತಿದ್ದ ಸಂಗತಿ (ಗೊತ್ತಿಲ್ಲದವರಿಗೆ ಅವನೇ ಹೇಳುತ್ತಿದ್ದ). ಅಂಥವನು ಈಗ, ಅರವತ್ತೆಂಟನೆಯ ವಯಸ್ಸಿನಲ್ಲಿ, ಒಲೆಯ ಪಕ್ಕ ಕೂತು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಹಳದಿ ಉಣ್ಣೆಯಲ್ಲಿ ಬೆರಳುದ್ದದ ಕಾಲುಚೀಲ ಹೆಣೆಯುತ್ತಿದ್ದ. ಹೆಂಡತಿ ಎಡುವಿನಾಳ ಬೆರಳಿನ ಗೆಣ್ಣುಗಳು ಬಾತುಕೊಂಡು, ಇನ್ನು ಕ್ರೋಶಾ ಕಡ್ಡಿ ಮುಟ್ಟಕೂಡದೆಂದು ಡಾಕ್ಟರು ಹೇಳಿದ್ದರು. ಬಾಯಿಯ ಬಗ್ಗೆ ಡಾಕ್ಟರು ಏನೂ ಹೇಳಿರಲಿಲ್ಲ.

"ಎಷ್ಟನೇ ಸುತ್ತು?"

"ಹನ್ನೊಂದು."

"ಹನ್ನೊಂದಕ್ಕೆ ಹಿಮ್ಮಡಿ ತಿರುಗಬೇಕು. ತಿರುಗಿಸಿದ್ಯಾ?"

"ತಿರುಗಿಸಿದೆ."

"ಎಲ್ಲಿ, ತೋರ್ಸು."

ಅನ್ಸೆಲ್ಮೊ ಎತ್ತಿ ತೋರಿಸಿದ. ಹಿಮ್ಮಡಿ ಹೆಬ್ಬೆರಳಿನ ಕಡೆಗಿತ್ತು.

"ಕೂಸು ಮುಂದಕ್ಕೆ ನಡೀಬೇಕೋ ಹಿಂದಕ್ಕೋ, ಮುದುಕಾ? ಬಿಚ್ಚು."

ಬಿಚ್ಚಿದ. ಐದನೆಯ ಸಲ. ಆದರೂ ಕಡ್ಡಿ ಕೆಳಗಿಡಲಿಲ್ಲ, ಏಕೆಂದರೆ ಈ ಕಾಲುಚೀಲ ಬರೀ ಕಾಲುಚೀಲವಾಗಿರಲಿಲ್ಲ. ಅದೊಂದು ಕ್ಷಮಾಪಣೆ.

ಒಂದೂವರೆ ವರ್ಷದ ಹಿಂದೆ ಅವರ ಒಬ್ಬಳೇ ಮಗಳು ನಿಲ್ಡಾ, ದೂರದ ಬಿಸಿಲನಾಡು ಸಾಂತೊ ದೊಮಿಂಗೊದಿಂದ ಹೊಟ್ಟೆಪಾಡಿಗೆ ಬಂದು ಕಡಲಾಚೆಯ ಪುವೆರ್ತೊ ಮೊಂತಿನಲ್ಲಿ ಯಾರದೋ ಬಸ್ಸು ಓಡಿಸುತ್ತಿದ್ದ ರಾಡಾಮೆಸನನ್ನು ಮದುವೆಯಾದಳು. ಮದುವೆಯ ಊಟದಲ್ಲಿ ಅನ್ಸೆಲ್ಮೊ ಎರಡು ಲೋಟ ಸೇಬಿನ ಮದ್ಯದ ಬಲದಿಂದ ಎದ್ದು ನಿಂತು, "ಪರರ ಬಸ್ಸಿನ ಚಕ್ರ ತಿರುಗಿಸೋನ ಕೈಗೆ ಮಗಳನ್ನ ಕೊಟ್ಟಿದ್ದೀನಿ, ಬ್ರೇಕ್ ಹಿಡೀಲಿ ಅಂತ ಹಾರೈಸಿ" ಎಂದು ಆಶೀರ್ವಚನ ಮಾಡಿದ್ದ. ನೆಂಟರು ನಕ್ಕರು. ಅಳಿಯನೂ ನಕ್ಕ. ಮಗಳು ನಗಲಿಲ್ಲ. ಅಂದಿನಿಂದ ಅವಳು ಈ ದ್ವೀಪದ ಕಡೆ ತಲೆ ಹಾಕಿರಲಿಲ್ಲ. ಫೋನಿನಲ್ಲಿ ಅಮ್ಮನ ಗೆಣ್ಣು ವಿಚಾರಿಸುವಳು, ಅಪ್ಪ ಮಾತಾಡಲು ಬಂದರೆ ಲೈನು ಕಟ್ಟಾಗುವುದು.

ಹೀಗಿರುವಾಗ ಹದಿನೈದು ದಿನದ ಹಿಂದೆ ರಾಡಾಮೆಸ್ ತಾನಾಗಿ ಫೋನ್ ಮಾಡಿದ.

"ಮಾವ, ಗ್ವಾಗ್ವಾ ಬಂತು!"

ಅನ್ಸೆಲ್ಮೊ ಕುರ್ಚಿ ಹುಡುಕಿಕೊಂಡು ಕೂತ. ಅಚಾವೊದಲ್ಲಿ, ಅಷ್ಟೇಕೆ ಇಡೀ ಚಿಲಿಯಲ್ಲಿ, ಹಾಲು ಕುಡಿಯುವ ಕೂಸಿಗೆ ಗ್ವಾಗ್ವಾ ಎನ್ನುತ್ತಾರೆ.

"ಬಂತಾ? ನಮಗೆ ಒಂದು ಮಾತೂ ಹೇಳ್ಲಿಲ್ವಲ್ಲಪ್ಪ."

"ಕೈಗೆ ಸಿಗೋವರೆಗೂ ಹೇಳ್ಬೇಡ ಅಂದ್ಲು ನಿಲ್ಡಾ. ಈಗ್ಲೂ ನಾನು ಹೇಳ್ದೆ ಅನ್ಬೇಡಿ. ಮುಂದಿನ ವಾರ ಬಿಟ್ಟು ಶನಿವಾರ ತಾನೇ ತಂದು ನಿಮ್ಮ ಮುಂದೆ ನಿಲ್ಲಿಸ್ಬೇಕಂತೆ."

"ಹೇಗಿದೆ?"

"ಗಟ್ಟಿ ಮಾವ. ಕೊರಿಯಾದ್ದು."

ಅನ್ಸೆಲ್ಮೊ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. ಆ ಕಿವಿಗೂ ಕೊರಿಯಾ ಎಂದೇ ಕೇಳಿಸಿತು.

"ನಮಗಿಂತ ಮುಂಚೆ ಇಬ್ಬರ ಕೈ ದಾಟಿದೆ. ಯಾರೂ ಸರಿಯಾಗಿ ನೋಡ್ಕೊಂಡಿಲ್ಲ, ಪಾಪ. ಕುಡಿಯೋದು ಸ್ವಲ್ಪ ಜಾಸ್ತಿ. ಕೆಳಗಡೆ ಸೋರುತ್ತೆ, ಒಂದು ತಟ್ಟೆ ಇಟ್ಟಿದ್ದೀನಿ. ಬೆಳಗ್ಗೆ ಚಳಿಗೆ ಬೇಗ ಏಳಲ್ಲ. ಎದ್ದರೆ ಮಾತ್ರ ಬೀದಿಗೆಲ್ಲ ಕೇಳಿಸುತ್ತೆ."

"ಮಲಗಿಸೋದು ಎಲ್ಲಿ?"

"ಮನೇಲಿ ಎಲ್ಲಿದೆ ಜಾಗ? ಬೀದೀಲೇ. ಮೇಲೊಂದು ಹಳೇ ಕಂಬಳಿ ಹಾಕ್ತೀನಿ."

ಫೋನ್ ಇಟ್ಟ ಅನ್ಸೆಲ್ಮೊ ಕೇಳಿದ್ದನ್ನೆಲ್ಲ ಹೆಂಡತಿಗೆ ಒಪ್ಪಿಸಿದ. ಎಡುವಿನಾ ಎರಡು ಲೋಟ ನೀರು ಕುಡಿದು ತೀರ್ಪು ಕೊಟ್ಟಳು.

"ದತ್ತು ತಗೊಂಡಿದ್ದಾರೆ. ಅದಕ್ಕೇ ನಮಗೆ ಹೇಳಿಲ್ಲ. ಎಲ್ಲಿ ಹುಟ್ಟಿದ್ರೇನು, ನಮ್ಮ ಮಡಿಲಿಗೆ ಬಂದ ಮೇಲೆ ನಮ್ಮದೇ."

"ಬೀದೀಲಿ ಮಲಗಿಸ್ತಾರಂತೆ, ಮುದುಕಿ."

"ಅವನ ದೇಶ ಬಿಸಿಲಿನದು. ಅಲ್ಲಿ ನಡೀತಿತ್ತೇನೋ. ಆ ಹುಡುಗನಿಗೆ ಬುದ್ಧಿ ಹೇಳೋಕೆ ನಿನ್ನ ಬಾಯಿ ಬೇಡ, ಅದು ಮಾಡಿದ ಉಪಕಾರ ಸಾಕು. ಉಲ್ಲನ್ ತಗೋ."

ತಟ್ಟೆಯ ವಿಷಯ ಇಬ್ಬರಿಗೂ ಅರ್ಥವಾಗಲಿಲ್ಲ. ಅದನ್ನು ಮುಖತಃ ವಿಚಾರಿಸುವುದೆಂದು ತೀರ್ಮಾನಿಸಿದರು.

ಹೀಗೆ ಶುರುವಾಯಿತು ಆ ಮಹಾಕಾರ್ಯ. ದೋಣಿಯ ಹಲಗೆಗಳ ಸಂದಿಗೆ ನಾರು ತುರುಕಿ ಪಳಗಿದ ಕೈ ಅದು. ಉಣ್ಣೆಯನ್ನೂ ಹಾಗೆಯೇ ಬಿಗಿದು ಬಿಗಿದು ಎಳೆಯಿತು. ಟೋಪಿ ಮುಗಿದಾಗ ಮೇಜಿನ ಮೇಲೆ ಯಾರ ಸಹಾಯವೂ ಇಲ್ಲದೆ ನಿಂತುಕೊಂಡಿತು. ಎಡುವಿನಾ ಬೆರಳಿನಿಂದ ಒತ್ತಿ ನೋಡಿದಳು.

"ಇದೇನು ಟೋಪಿಯೋ, ಬಕೀಟೋ?"

"ನೀರು ಹಾಕು ಬೇಕಾದ್ರೆ. ಒಂದು ಹನಿ ಇಳಿದ್ರೆ ಕೇಳು."

ಹಾಕಿದಳು. ಇಳಿಯಲಿಲ್ಲ. ಅನ್ಸೆಲ್ಮೊಗೆ ಪರಮ ಸಂತೋಷವಾಯಿತು. ತಲೆಗಿಂತ ಚಿಕ್ಕದಾಯಿತೇನೋ ಎಂಬ ಸಣ್ಣ ಅನುಮಾನವನ್ನು ಅವನು ಯಾರಿಗೂ ಹೇಳಲಿಲ್ಲ. ಕೊರಿಯಾದ ತಲೆಯ ಅಳತೆ ಈ ದ್ವೀಪದಲ್ಲಿ ಯಾರನ್ನು ಕೇಳುವುದು?

ಶನಿವಾರ ದೋಣಿಕಟ್ಟೆಯಲ್ಲಿ ಗಾಳಿ ಬೀಸುತ್ತಿತ್ತು. ಗುಟ್ಟನ್ನು ಎಡುವಿನಾ ಪಕ್ಕದ ಮನೆಯ ಉಮಿಲ್ದಾಳಿಗೆ ಮಾತ್ರ ಹೇಳಿದ್ದರಿಂದ ಅರ್ಧ ಬೀದಿ ಅಲ್ಲಿ ನೆರೆದಿತ್ತು. ಉಮಿಲ್ದಾ ಒಂದು ಬುಟ್ಟಿ ಬಿಸಿ ಆಲೂಗಡ್ಡೆ ರೊಟ್ಟಿ ತಂದಿದ್ದಳು. ಅನ್ಸೆಲ್ಮೊ ಟೋಪಿಯನ್ನೂ ಜೋಡಿ ಕಾಲುಚೀಲವನ್ನೂ (ಒಂದು ಇನ್ನೊಂದಕ್ಕಿಂತ ಕೊಂಚ ಹಿರಿಯದು) ಎದೆಗೊತ್ತಿ ಹಿಡಿದು, ಹೇಳಬೇಕಾದ ಮಾತನ್ನು ಒಳಗೊಳಗೇ ಉರು ಹೊಡೆಯುತ್ತಿದ್ದ: ಮಗಳೇ, ಅವತ್ತು ನಾನು ಆಡಿದ್ದು ತಪ್ಪು.

ವಾಹನ ಸಾಗಿಸುವ ದೊಡ್ಡ ದೋಣಿ ಬಂದು ಬಾಗಿಲು ಇಳಿಸಿತು. ಸೌದೆ ಲಾರಿ ಇಳಿಯಿತು. ಆಮೇಲೆ ಕನ್ನಡಿಗೆ ಕೆಂಪು ರಿಬ್ಬನ್ ಕಟ್ಟಿದ ಒಂದು ಬಿಳಿ ಬಸ್ಸು, ಊರಿಗೆಲ್ಲ ಕೇಳುವಂತೆ ಹಾರನ್ ಹೊಡೆಯುತ್ತ ಇಳಿದು, ಅನ್ಸೆಲ್ಮೊನ ಮೂಗಿನ ಮುಂದೆ ನಿಂತಿತು. ಸ್ಟೀರಿಂಗ್ ಹಿಡಿದು ಕೂತವನು ರಾಡಾಮೆಸ್. ಬಾಗಿಲಿನಿಂದ ನಿಲ್ಡಾ ಇಳಿದಳು. ಬರಿಗೈ.

"ಕೂಸೆಲ್ಲಿ?" ಎಂದಳು ಎಡುವಿನಾ.

"ಯಾವ ಕೂಸು?"

"ಅಯ್ಯೋ, ಒಳಗೇ ಬಿಟ್ಟು ಬಂದಿದ್ದಾಳೆ." ಎಡುವಿನಾ ಮಗಳನ್ನು ಪಕ್ಕಕ್ಕೆ ತಳ್ಳಿ ಬಸ್ಸು ಹತ್ತಿದಳು. ಸೀಟಿನಿಂದ ಸೀಟಿಗೆ ಬಗ್ಗಿ ನೋಡುತ್ತ ಹಿಂದಿನವರೆಗೂ ಹೋದದ್ದು ಕಿಟಕಿಗಳಲ್ಲಿ ಕಾಣುತ್ತಿತ್ತು.

"ಮಾವ," ಅಳಿಯ ಇಳಿದು ಬಂದು ಕೇಳಿದ, "ಅತ್ತೆ ಏನು ಹುಡುಕ್ತಿದ್ದಾರೆ?"

"ಗ್ವಾಗ್ವಾನ."

"ಇಲ್ಲೇ ಇದೆಯಲ್ಲ." ರಾಡಾಮೆಸ್ ಬಸ್ಸಿನ ಮೈ ತಟ್ಟಿದ. "ಇಪ್ಪತ್ತೆಂಟು ಸೀಟು."

ಅನ್ಸೆಲ್ಮೊ ಬಸ್ಸನ್ನು ನೋಡಿದ. ಟೋಪಿಯನ್ನು ನೋಡಿದ. ಮತ್ತೆ ಬಸ್ಸನ್ನು ನೋಡಿದ.

ಮೊದಲು ತಿಳಿದದ್ದು ನಿಲ್ಡಾಳಿಗೆ. "ಅಪ್ಪಾ, ಇವರ ಊರಲ್ಲಿ ಬಸ್ಸಿಗೆ ಗ್ವಾಗ್ವಾ ಅಂತಾರೆ," ಎಂದಳು. ಒಂದೂವರೆ ವರ್ಷದಲ್ಲಿ ಅಪ್ಪನ ಜೊತೆ ಅವಳು ಆಡಿದ ಮೊದಲ ಮಾತು ಅದು.

ಉಮಿಲ್ದಾ ಬಸ್ಸಿನ ಎದುರಿಗೆ ಹೋಗಿ, ದೀಪಗಳನ್ನು ದಿಟ್ಟಿಸಿ, "ಕಣ್ಣು ಮಾತ್ರ ಥೇಟ್ ತಾತಂದೇ," ಎಂದಳು. ದೋಣಿಕಟ್ಟೆಯೇ ನಕ್ಕಿತು.

ನಿಲ್ಡಾಳ ಕಣ್ಣು ಹಳದಿ ಟೋಪಿಯ ಮೇಲೆ ಬಿದ್ದಿತ್ತು. "ಇದನ್ನ ಯಾರು ಹೆಣೆದ್ರು?"

"ನಾನು."

"ನೀನಾ?"

"ಬೀದೀಲಿ ಮಲಗುತ್ತೆ ಅಂದ ನಿನ್ನ ಗಂಡ. ಚಳಿ ಅಲ್ವಾ."

ಅವಳು ಏನೋ ಹೇಳಬೇಕೆಂದುಕೊಂಡು ಬಂದಿದ್ದಳು, ಬಹಳ ದಿನದಿಂದ ಹರಿತ ಮಾಡಿಟ್ಟುಕೊಂಡ ಮಾತು. "ಅಪ್ಪಾ, ಈ ಬಸ್ಸು ಪರರದ್ದಲ್ಲ, ನಮ್ಮ..." ಎಂದು ಶುರು ಮಾಡಿ, ಕಾಲುಚೀಲದ ತಿರುಚಿದ ಹಿಮ್ಮಡಿ ನೋಡಿ, ನಿಂತುಬಿಟ್ಟಳು. ಟೋಪಿಯನ್ನು ಅವನ ಕೈಯಿಂದ ತೆಗೆದುಕೊಂಡು ಬಸ್ಸಿನೊಳಗೆ ಹೋಗಿ ಗೇರ್ ಕಡ್ಡಿಯ ತುದಿಯ ಗುಂಡಿಗೆ ತೊಡಿಸಿದಳು. ಅಳತೆ ಮಾಡಿದಂತೆ ಕೂತಿತು.

ಉರು ಹೊಡೆದ ಮಾತು ಅನ್ಸೆಲ್ಮೊಗೆ ಮರೆತೇಹೋಗಿತ್ತು. ಅವನು ಕೋಟು ಬಿಚ್ಚಿ ಹೆಂಡತಿಗೆ ಕೊಟ್ಟು, ಬಸ್ಸಿನಡಿ ತೆವಳಿದ. "ಆ ತಟ್ಟೆ ತಗೊಂಡು ಬಾರಪ್ಪ," ಎಂಬ ಧ್ವನಿ ಕೆಳಗಿನಿಂದ ಬಂತು. "ನಮ್ಮ ಮನೇಲಿ ಸೋರೋದಿಲ್ಲ ಯಾವುದೂ."

ಆ ಚಳಿಗಾಲವೆಲ್ಲ ಅವನು ಇಪ್ಪತ್ತೆಂಟು ಸೀಟಿಗೂ ಹಳದಿ ತಲೆಗವಸು ಹೆಣೆದ. ಅಳಿಯನ ಭಾಷೆಯನ್ನೂ ಕಲಿತ; ಅಂಗಡಿಯಲ್ಲಿ, ಕಟ್ಟೆಯ ಮೇಲೆ, ಎಲ್ಲರೆದುರೂ ಬಸ್ಸಿಗೆ ಗ್ವಾಗ್ವಾ ಎನ್ನುತ್ತಿದ್ದ. ಅಷ್ಟು ಹೊತ್ತಿಗೆ ರಾಡಾಮೆಸ್ ಕೂಡ ಈ ಊರಿನ ಭಾಷೆ ಕಲಿತಿದ್ದನೆಂಬುದು ಅವನ ಗಮನಕ್ಕೆ ಬರಲಿಲ್ಲ.

ಮರುವರ್ಷ ಒಂದು ಬೆಳಿಗ್ಗೆ ಫೋನು ಬಂತು.

"ಮಾವ, ಗ್ವಾಗ್ವಾ ಬರ್ತಾ ಇದೆ."

"ಇನ್ನೊಂದಾ?" ಅನ್ಸೆಲ್ಮೊ ಅನುಭವಸ್ಥನ ಗತ್ತಿನಲ್ಲಿ ಕೇಳಿದ. "ಎಷ್ಟು ಸೀಟಿಂದು?"

"ಒಂದೇ, ಮಾವ."

"ಒಂದು ಸೀಟಿಂದ ಯಾರ ಹೊಟ್ಟೆ ತುಂಬುತ್ತಪ್ಪ? ಬೇಡ. ವಾಪಸ್ ಕೊಟ್ಟುಬಿಡು," ಎಂದು ಅವನು ಹಿತವಚನ ಹೇಳುತ್ತಿದ್ದಾಗ, ಹಿಂದೆ ನಿಂತು ಎಲ್ಲ ಕೇಳಿಸಿಕೊಂಡ ಎಡುವಿನಾ ಅವನ ತೊಡೆಯ ಮೇಲೆ ಉಣ್ಣೆಯ ಉಂಡೆ ಎಸೆದಳು.